ವೇಗಮಾಪಕದ ವ್ಯತ್ಯಾಸ: ತಿದ್ದಬೇಕಾದುದು ಮುಳ್ಳನ್ನೋ, ಕಿಲೋಮೀಟರಿನ ಲೆಕ್ಕವನ್ನೋ?

ಯಡ್ರಾಮಿಯಂಥ ಊರಿನ ವ್ಯಾಪಾರ ವಹಿವಾಟಿನಲ್ಲಿ ಮೋಟಾರ್‌ಸೈಕಲ್ ಕೇವಲ ಸವಾರಿಯ ಸಾಧನವಲ್ಲ. ಅದು ಅಂಗಡಿಯ ಒಂದು ಅಂಗ. ಬೀಜ-ಗೊಬ್ಬರದ ಅಂಗಡಿಯವರು ಉದ್ರಿ ವಸೂಲಿಗೆ ಹಳ್ಳಿಗಳಿಗೆ ಕಳುಹಿಸುವ ಗುಮಾಸ್ತ, ಔಷಧ ಹಾಗೂ ದಿನಬಳಕೆಯ ಸಾಮಾನುಗಳ ವಿತರಕರ ಪ್ರತಿನಿಧಿ, ಹಣಕಾಸು ಸಂಸ್ಥೆಯ ಕ್ಷೇತ್ರ ನೌಕರ, ತೊಗರಿ ಮತ್ತು ಹತ್ತಿಯ ಸುಗ್ಗಿಯಲ್ಲಿ ಊರೂರು ಅಲೆದು ಮಾಲು ನೋಡುವ ದಲಾಲಿ, ಇವರೆಲ್ಲರ ದಿನಚರಿ ದ್ವಿಚಕ್ರ ವಾಹನದ ಮೇಲೆಯೇ ನಿಂತಿದೆ. ಯಡ್ರಾಮಿ 2018ರಲ್ಲಿ ಜೇವರ್ಗಿಯಿಂದ ಬೇರ್ಪಟ್ಟು ಪ್ರತ್ಯೇಕ ತಾಲೂಕಾದ ಮೇಲೂ ಸಗಟು ಖರೀದಿಗೆಂದು ಜೇವರ್ಗಿ, ಕಲಬುರಗಿಗಳಿಗೆ ಹೋಗಿ ಬರುವುದು ತಪ್ಪಿಲ್ಲ.

ಈ ಓಡಾಟದ ಲೆಕ್ಕ ಬರೆಯುವುದು ಹ್ಯಾಂಡಲಿನ ನಡುವೆ ಇರುವ ಮೀಟರು. ಅದರಲ್ಲಿ ಎರಡು ಸಂಗತಿಗಳಿವೆ: ಈ ಕ್ಷಣದ ವೇಗವನ್ನು ತೋರುವ ಮುಳ್ಳು ಅಥವಾ ಅಂಕಿ, ಮತ್ತು ಗಾಡಿ ಇದುವರೆಗೆ ಓಡಿದ ಒಟ್ಟು ಕಿಲೋಮೀಟರುಗಳ ದಾಖಲೆ. ಸವಾರನ ಗಮನ ಮೊದಲನೆಯದರ ಮೇಲೆ. ಮಾಲೀಕನ ಹಣ ನಿಂತಿರುವುದು ಎರಡನೆಯದರ ಮೇಲೆ. ಪೆಟ್ರೋಲ್ ಭತ್ಯೆ, ಸರ್ವೀಸಿನ ಅವಧಿ, ವಾರಂಟಿ, ಗಾಡಿ ಮಾರುವಾಗ ಸಿಗುವ ಬೆಲೆ, ಎಲ್ಲವೂ ಕಿಲೋಮೀಟರಿನ ಲೆಕ್ಕವನ್ನೇ ಅವಲಂಬಿಸಿವೆ. ಮೀಟರಿನ ವ್ಯತ್ಯಾಸವನ್ನು ತಿದ್ದುವ ಎಲೆಕ್ಟ್ರಾನಿಕ್ ಸಾಧನಗಳು ಇಂದು ದೊರೆಯುತ್ತವೆ. ಹಂಗೇರಿಯ ಹೀಲ್‌ಟೆಕ್ ಸಂಸ್ಥೆಯ ‘ಸ್ಪೀಡೋಹೀಲರ್’ ಇವುಗಳಲ್ಲಿ ಹೆಸರಾದುದು. ಆದರೆ ಇಂಥ ಸಾಧನ ಮುಳ್ಳನ್ನೂ ಕಿಲೋಮೀಟರನ್ನೂ ಒಂದೇ ಪ್ರಮಾಣದಲ್ಲಿ ಬದಲಿಸುತ್ತದೆ. ಮುಳ್ಳಿನ ವ್ಯತ್ಯಾಸವೂ ಕಿಲೋಮೀಟರಿನ ವ್ಯತ್ಯಾಸವೂ ಮಾತ್ರ ಸಾಮಾನ್ಯವಾಗಿ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಈ ಭೇದವನ್ನು ಅರಿಯದೆ ಮಾಡಿದ ತಿದ್ದುಪಡಿಯಿಂದ, ಸರಿಯಾಗಿದ್ದ ಲೆಕ್ಕ ಕೆಡುವ ಸಂಭವವೇ ಹೆಚ್ಚು.

ಮುಳ್ಳು ಮುಂದೆ ಇರುವುದೇಕೆ?

60 ಕಿ.ಮೀ. ವೇಗ ತೋರಿಸುತ್ತಿರುವಾಗ ಗಾಡಿ ನಿಜವಾಗಿ 54 ಅಥವಾ 56ರಲ್ಲಿ ಓಡುತ್ತಿರುವುದು ಸಾಮಾನ್ಯ. ಇದು ದೋಷವಲ್ಲ, ಬುದ್ಧಿಪೂರ್ವಕವಾಗಿ ಇಟ್ಟ ಅಂತರ. ವಿಶ್ವಸಂಸ್ಥೆಯ ಐರೋಪ್ಯ ಆರ್ಥಿಕ ಆಯೋಗದ 39ನೆಯ ನಿಯಮದ ಪ್ರಕಾರ ವೇಗಮಾಪಕವು ನಿಜವಾದ ವೇಗಕ್ಕಿಂತ ಕಡಿಮೆಯನ್ನು ಎಂದಿಗೂ ತೋರಿಸಕೂಡದು. ಹೆಚ್ಚು ತೋರಿಸಬಹುದು, ಆದರೆ ಆ ಹೆಚ್ಚಳವು ಮಾದರಿಯ ಅನುಮೋದನೆಯ ಪರೀಕ್ಷೆಯಲ್ಲಿ ನಿಜವೇಗದ ಹತ್ತನೇ ಒಂದು ಭಾಗ ಹಾಗೂ 4 ಕಿ.ಮೀ.ಗಳ ಮೊತ್ತವನ್ನು ಮೀರಬಾರದು. ಅಂದರೆ ನಿಜವೇಗ 60 ಇದ್ದಾಗ ಮುಳ್ಳು 60ರಿಂದ 70ರ ನಡುವೆ ಎಲ್ಲಿದ್ದರೂ ಆ ನಿಯಮಕ್ಕೆ ಸಮ್ಮತವೇ. ಮೀಟರು ನಂಬಿ ವೇಗಮಿತಿಯೊಳಗೆ ಓಡಿಸಿದವನು ತನಗೆ ತಿಳಿಯದೆಯೇ ಮಿತಿ ಮೀರಬಾರದು ಎಂಬುದು ಇದರ ಉದ್ದೇಶ. ಟೈರಿನ ಸವೆತ, ಗಾಳಿಯ ಒತ್ತಡ, ತಯಾರಿಕೆಯ ಸಣ್ಣಪುಟ್ಟ ವ್ಯತ್ಯಾಸ ಯಾವುದಿದ್ದರೂ ಮುಳ್ಳು ಹಿಂದೆ ಬೀಳದಂತೆ ತಯಾರಕರು ಮೊದಲೇ ಒಂದಿಷ್ಟು ಮುಂದಿಟ್ಟಿರುತ್ತಾರೆ. ಭಾರತದಲ್ಲಿ ವೇಗಮಾಪಕವನ್ನು ಕಡ್ಡಾಯಗೊಳಿಸಿರುವುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 117ನೆಯ ನಿಯಮ.

ಹಳೆಯ ಮಾದರಿಯ ಮೀಟರಿನಲ್ಲಿ ಈ ಎರಡು ಲೆಕ್ಕಗಳು ಹೇಗೆ ಬೇರೆಯೆಂಬುದು ಕಣ್ಣಿಗೇ ಕಾಣುತ್ತದೆ. ಮುಂದಿನ ಚಕ್ರದ ಹಬ್ಬಿನಲ್ಲಿರುವ ಸ್ಪೀಡೋ ಪಿನಿಯನ್ ಒಂದು ಕೇಬಲನ್ನು ತಿರುಗಿಸುತ್ತದೆ. ಕೇಬಲಿನ ಮೇಲ್ತುದಿಯಲ್ಲಿ ಅಯಸ್ಕಾಂತವೊಂದಿದೆ. ಅದು ತಿರುಗಿದಾಗ ತನ್ನನ್ನು ಆವರಿಸಿರುವ ಅಲ್ಯುಮಿನಿಯಂ ಬಟ್ಟಲಿನಲ್ಲಿ ಸುಳಿ ಪ್ರವಾಹಗಳನ್ನು ಉಂಟುಮಾಡಿ, ಬಟ್ಟಲನ್ನು ತನ್ನೊಡನೆ ಎಳೆದುಕೊಳ್ಳಲು ನೋಡುತ್ತದೆ. ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಹಿಡಿಯುತ್ತದೆ. ಎರಡು ಬಲಗಳು ಸಮನಾದ ಕಡೆ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಆಟೋ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದ ಈ ತತ್ತ್ವವೇ ನೂರು ವರ್ಷ ಕಾಲ ಜಗತ್ತಿನ ರಸ್ತೆಗಳನ್ನು ಆಳಿತು. ಅಯಸ್ಕಾಂತ ದುರ್ಬಲವಾದರೆ ಮುಳ್ಳು ಹಿಂದೆ ಬೀಳುತ್ತದೆ, ಸ್ಪ್ರಿಂಗ್ ಸಡಿಲವಾದರೆ ಮುಂದೋಡುತ್ತದೆ. ಆದರೆ ಕಿಲೋಮೀಟರಿನ ಅಂಕಿಗಳಿಗೆ ಅಯಸ್ಕಾಂತದ ಹಂಗಿಲ್ಲ. ಅವು ಅದೇ ಕೇಬಲಿನಿಂದ ಹಲ್ಲುಚಕ್ರಗಳ ಮೂಲಕ ನೇರವಾಗಿ ತಿರುಗುತ್ತವೆ. ಆದುದರಿಂದ ಮುಳ್ಳು ಶೇ. 10ರಷ್ಟು ಮುಂದಿದ್ದರೂ ಅಂಕಿಗಳು ಬಹುಮಟ್ಟಿಗೆ ಸರಿಯಾಗಿರುವುದು ಸಾಧ್ಯ.

ಎಲೆಕ್ಟ್ರಾನಿಕ್ ಮೀಟರಿನಲ್ಲಿ ಕೇಬಲಿನ ಬದಲು ಸಂವೇದಕವಿದೆ. ಚಕ್ರ ಅಥವಾ ಗೇರ್‌ಬಾಕ್ಸಿನ ಹೊರ ಶಾಫ್ಟ್ ತಿರುಗಿದಂತೆ ಅದು ವಿದ್ಯುತ್ ಮಿಡಿತಗಳನ್ನು ಕಳುಹಿಸುತ್ತದೆ. ಮೀಟರಿನೊಳಗಿನ ಪುಟ್ಟ ಗಣಕವು ಮಿಡಿತಗಳನ್ನು ಎಣಿಸಿ ದೂರವನ್ನೂ, ಅವುಗಳ ನಡುವಣ ಕಾಲವನ್ನು ಅಳೆದು ವೇಗವನ್ನೂ ಲೆಕ್ಕ ಹಾಕುತ್ತದೆ. ತಯಾರಕರು ಇಟ್ಟ ‘ಮುಂದಿನ ಅಂತರ’ವನ್ನು ವೇಗದ ಅಂಕಿಗೆ ಮಾತ್ರ ಸೇರಿಸಿ, ದೂರವನ್ನು ಇದ್ದಂತೆಯೇ ಬರೆಯುವುದು ಇಲ್ಲಿ ಸುಲಭ.

ವ್ಯತ್ಯಾಸ ಹುಟ್ಟುವ ಸ್ಥಳಗಳು

ಕಾರ್ಖಾನೆಯಿಂದ ಹೊರಬಿದ್ದ ಗಾಡಿ ಹಾಗೆಯೇ ಉಳಿಯುವುದಿಲ್ಲ. ಎರೆಮಣ್ಣಿನ ದಾರಿಯಲ್ಲಿ ಹಿಡಿತ ಸಾಲದೆಂದು ಅಗಲ ಟೈರ್ ಹಾಕಿಸುವವರುಂಟು. ಚೀಲ ಹೇರುವವರು ಎಳೆತ ಹೆಚ್ಚಲೆಂದು, ಹೆದ್ದಾರಿಯಲ್ಲಿ ಓಡಿಸುವವರು ಪೆಟ್ರೋಲ್ ಉಳಿಯಲೆಂದು ಸ್ಪ್ರಾಕೆಟ್ ಬದಲಿಸುವವರುಂಟು. ಮೂಲದಲ್ಲಿ 2.75-18 ಅಳತೆಯ ಟೈರ್ ಇದ್ದ ಗಾಡಿಯನ್ನು ಉದಾಹರಣೆಯಾಗಿ ನೋಡಬಹುದು. ಅಳತೆಯ ಅಂಕಿಗಳಿಂದ ಲೆಕ್ಕ ಹಾಕಿದರೆ ಈ ಟೈರಿನ ಹೊರ ವ್ಯಾಸ ಸುಮಾರು 597 ಮಿ.ಮೀ., ಸುತ್ತಳತೆ 1,875 ಮಿ.ಮೀ. ಅದೇ ಜಾಗಕ್ಕೆ 3.00-18 ಟೈರ್ ಹಾಕಿದರೆ ಸುತ್ತಳತೆ 1,915 ಮಿ.ಮೀ. ಆಗಿ ಶೇ. 2.1ರಷ್ಟು ಹೆಚ್ಚುತ್ತದೆ, 90/90-18 ಹಾಕಿದರೆ 1,945 ಮಿ.ಮೀ., ಶೇ. 3.7ರಷ್ಟು ಹೆಚ್ಚಳ. ಚಕ್ರ ದೊಡ್ಡದಾದಂತೆ ಅಷ್ಟೇ ದೂರಕ್ಕೆ ಕಡಿಮೆ ಸುತ್ತು ಸಾಕು, ಹಾಗಾಗಿ ಮೀಟರು ಕಡಿಮೆ ಬರೆಯುತ್ತದೆ. ಸವೆದ ಟೈರಿನ ಪರಿಣಾಮ ಇದಕ್ಕೆ ವಿರುದ್ಧ: ಮೇಲ್ಮೈ 5 ಮಿ.ಮೀ. ಸವೆದರೆ ವ್ಯಾಸ 10 ಮಿ.ಮೀ. ಕುಗ್ಗಿ, ಮೀಟರು ಶೇ. 1.7ರಷ್ಟು ಹೆಚ್ಚು ಬರೆಯತೊಡಗುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ಮೀಟರು ಮುಂದಿನ ಚಕ್ರದಿಂದ ಲೆಕ್ಕ ಪಡೆಯುವ ಗಾಡಿಯಲ್ಲಿ ಹಿಂದಿನ ಟೈರ್ ಬದಲಾದರೂ, ಸ್ಪ್ರಾಕೆಟ್ ಬದಲಾದರೂ ಮೀಟರಿಗೆ ಏನೂ ಆಗುವುದಿಲ್ಲ. ಗೇರ್‌ಬಾಕ್ಸಿನ ಹೊರ ಶಾಫ್ಟಿನಿಂದ ಲೆಕ್ಕ ಪಡೆಯುವ ಮಾದರಿಗಳಲ್ಲಿ ಮಾತ್ರ ಸ್ಪ್ರಾಕೆಟ್ ಮತ್ತು ಹಿಂದಿನ ಟೈರ್ ಎರಡೂ ಲೆಕ್ಕವನ್ನು ಕೆಡಿಸುತ್ತವೆ. ಸಂವೇದಕ ಎಲ್ಲಿದೆ ಎಂಬುದನ್ನು ನೋಡದೆ ‘ಚೈನ್ ಸೆಟ್ ಬದಲಿಸಿದ್ದರಿಂದ ಮೀಟರ್ ಕೆಟ್ಟಿತು’ ಎನ್ನುವುದು ಊಹೆಯ ಮಾತಾದೀತು.

ಅಂಥ ಒಂದು ಗಾಡಿಯ ಲೆಕ್ಕ ಕುತೂಹಲಕರವಾಗಿದೆ. ಸಂವೇದಕ ಹೊರ ಶಾಫ್ಟಿನಲ್ಲಿದ್ದು, ನಿಜವೇಗ 56 ಇದ್ದಾಗ ಮುಳ್ಳು 60 ತೋರುತ್ತಿತ್ತು, ಕಿಲೋಮೀಟರಿನ ಲೆಕ್ಕ ಸರಿಯಿತ್ತು ಎಂದು ಭಾವಿಸಬಹುದು. ಮುಂದಿನ ಸ್ಪ್ರಾಕೆಟನ್ನು 14 ಹಲ್ಲಿನಿಂದ 15 ಹಲ್ಲಿಗೆ ಏರಿಸಲಾಯಿತು. ಈಗ ಶಾಫ್ಟಿನ ಒಂದು ಸುತ್ತಿಗೆ ಗಾಡಿ ಶೇ. 7.1ರಷ್ಟು ಹೆಚ್ಚು ದೂರ ಹೋಗುತ್ತದೆ. ಮುಳ್ಳು 60 ತೋರುವಾಗ ನಿಜವೇಗವೂ ಸರಿಯಾಗಿ 60. ಸವಾರ ಮೊಬೈಲಿನ ಜಿ.ಪಿ.ಎಸ್. ನೋಡಿ, ಮೀಟರು ಕಡೆಗೂ ಸರಿಹೋಯಿತೆಂದು ಸಂತೋಷಪಡುತ್ತಾನೆ. ಆದರೆ ಅದೇ ಗಾಡಿ 15,000 ಕಿ.ಮೀ. ಓಡಿದಾಗ ಮೀಟರಿನಲ್ಲಿ ಬರೆದಿರುವುದು 14,000 ಮಾತ್ರ. ಮುಳ್ಳು ನಿಜ ಹೇಳತೊಡಗಿದ ದಿನವೇ ಲೆಕ್ಕದ ಪುಸ್ತಕ ಸುಳ್ಳು ಬರೆಯತೊಡಗಿತು.

ಸಾಧನ ಮಾಡುವ ಕೆಲಸ

ತಿದ್ದುಪಡಿ ಸಾಧನವು ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಮೊಹರು ಮಾಡಿದ ಡಬ್ಬಿ. ಸಂವೇದಕದಿಂದ ಮೀಟರಿಗೆ ಹೋಗುವ ದಾರಿಯ ನಡುವೆ ಅದನ್ನು ಜೋಡಿಸಲಾಗುತ್ತದೆ. ಸಾಮಾನ್ಯವಾಗಿ ಸಂವೇದಕಕ್ಕೆ ಮೂರು ತಂತಿಗಳು: ಒಂದು ವಿದ್ಯುತ್ ಪೂರೈಕೆ, ಒಂದು ಅರ್ಥಿಂಗ್, ಒಂದು ಮಿಡಿತದ ತಂತಿ. ಸಾಧನ ಮುಟ್ಟುವುದು ಮೂರನೆಯದನ್ನು. ಒಳಬರುವ ಮಿಡಿತಗಳ ಕಾಲಾಂತರವನ್ನು ಅಳೆದು, ಸವಾರ ನಿಗದಿಪಡಿಸಿದ ಶೇಕಡಾವಾರಿನಂತೆ ಹೆಚ್ಚು ಅಥವಾ ಕಡಿಮೆ ಮಾಡಿ, ಹೊಸ ಮಿಡಿತಗಳನ್ನು ಮೀಟರಿಗೆ ಕಳುಹಿಸುತ್ತದೆ. ಬ್ಯಾಟರಿ ತೆಗೆದರೂ ನಿಗದಿ ಅಳಿಯುವುದಿಲ್ಲ. ಮೀಟರಿಗೆ ನಡುವೆ ಮಧ್ಯಸ್ಥನೊಬ್ಬನಿದ್ದಾನೆಂಬುದು ತಿಳಿಯದು. ತನಗೆ ಬಂದ ಮಿಡಿತಗಳಿಂದಲೇ ವೇಗವನ್ನೂ ದೂರವನ್ನೂ ಲೆಕ್ಕ ಹಾಕುತ್ತದೆ.

ತೊಡಕು ಇರುವುದು ಇಲ್ಲೇ. ಮುಳ್ಳು 60 ತೋರುವಾಗ ನಿಜವೇಗ 54 ಎಂದು ಕಂಡ ಸವಾರ ಸಾಧನವನ್ನು ಶೇ. 10 ಕಡಿಮೆಗೆ ನಿಗದಿಪಡಿಸಿದರೆ ಮುಳ್ಳೇನೋ 54ಕ್ಕೆ ಇಳಿಯುತ್ತದೆ. ಆದರೆ ಅದುವರೆಗೆ ಸರಿಯಾಗಿದ್ದ ಕಿಲೋಮೀಟರಿನ ಲೆಕ್ಕವೂ ಶೇ. 10 ಕುಗ್ಗುತ್ತದೆ. ಗಾಡಿ 30,000 ಕಿ.ಮೀ. ಓಡಿದ್ದರೆ ದಾಖಲೆಯಲ್ಲಿ 27,000. ಪ್ರತಿ 3,000 ಕಿ.ಮೀ.ಗೆ ಎಂಜಿನ್ ಆಯಿಲ್ ಬದಲಿಸುವ ಗಾಡಿಗೆ ಇನ್ನು ಆಯಿಲ್ ಸಿಗುವುದು 3,333 ಕಿ.ಮೀ.ಗೆ. ಆ ಗಾಡಿಯನ್ನು ಕೊಳ್ಳುವವನಿಗಂತೂ ಇದು ಮೋಸವೇ. ಕಡಿಮೆ ಓಡಿದ್ದೆಂದು ತಿಳಿದೂ ತಿಳಿದು ನಂಬಿಸಿ ಮಾರಿದರೆ ವಂಚನೆಯ ದೂರಿಗೂ, ಮಾರಿದವನು ವ್ಯಾಪಾರಿಯಾದಲ್ಲಿ ಗ್ರಾಹಕ ಆಯೋಗದ ವಿಚಾರಣೆಗೂ ದಾರಿಯಾಗಬಹುದು.

ಆದುದರಿಂದ ಸಾಧನದ ನ್ಯಾಯವಾದ ಉಪಯೋಗ ಒಂದೇ: ಟೈರ್ ಅಥವಾ ಸ್ಪ್ರಾಕೆಟ್ ಬದಲಾವಣೆಯಿಂದ ಕೆಟ್ಟ ಲೆಕ್ಕವನ್ನು ಕಾರ್ಖಾನೆಯ ಲೆಕ್ಕಕ್ಕೆ ಮರಳಿಸುವುದು. ಮೇಲೆ ಹೇಳಿದ 15 ಹಲ್ಲಿನ ಗಾಡಿಗೆ ಶೇ. 7.1 ಹೆಚ್ಚಳ ನೀಡಬೇಕು. ಆಗ ಮುಳ್ಳು ಪುನಃ ಸ್ವಲ್ಪ ಮುಂದೋಡುತ್ತದೆ, ನಿಜ. ಆದರೆ ತಯಾರಕರು ಇಟ್ಟ ಆ ಅಂತರವನ್ನು ಸವಾರ ಮನಸ್ಸಿನಲ್ಲಿ ಕಳೆದುಕೊಳ್ಳಬಹುದು. ಕಿಲೋಮೀಟರಿನ ಅಂಕಿಯನ್ನು ಮನಸ್ಸಿನಲ್ಲಿ ತಿದ್ದಿಕೊಂಡು ವ್ಯವಹರಿಸಲು ಯಾರಿಗೂ ಆಗದು.

ಅಳೆಯುವ ವಿಧಾನ

ಮೊದಲು ಅಳೆಯಬೇಕಾದುದು ದೂರವನ್ನು, ವೇಗವನ್ನಲ್ಲ. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಕಲಬುರಗಿಯಿಂದ ಜೇವರ್ಗಿಯ ಮೂಲಕ ಸಿಂದಗಿ, ವಿಜಯಪುರಗಳ ಕಡೆ ಸಾಗುವ ರಾಷ್ಟ್ರೀಯ ಹೆದ್ದಾರಿ 50ರಂಥ ರಸ್ತೆಯಲ್ಲಿ ಹಳದಿ ತಲೆಯ ಕಿಲೋಮೀಟರ್ ಕಲ್ಲುಗಳಿರುತ್ತವೆ. ಮೀಟರಿನ ಕೊನೆಯ ಅಂಕಿ ನೂರು ಮೀಟರಿನದು. ಆದ್ದರಿಂದ 10 ಕಿ.ಮೀ. ಅಳೆದರೆ ಶೇ. 1ರಷ್ಟು, 20 ಕಿ.ಮೀ. ಅಳೆದರೆ ಶೇ. 0.5ರಷ್ಟು ನಿಖರತೆ ಸಿಗುತ್ತದೆ. ಒಂದೆರಡು ಕಲ್ಲುಗಳ ನಡುವೆ ನೋಡಿ ತೀರ್ಮಾನಿಸುವುದು ವ್ಯರ್ಥ. ರಸ್ತೆ ಅಗಲೀಕರಣವಾದ ಕಡೆ, ಬೈಪಾಸ್ ತಿರುವಿನ ಬಳಿ ಕಲ್ಲುಗಳು ಜಾಗ ಬಿಟ್ಟಿರಬಹುದು. ಹೊಸ ಸೇತುವೆಯಿಂದ ದಾರಿ ನೇರವಾದ ಕಡೆಯೂ ಹಳೆಯ ಕಲ್ಲಿನ ಅಂಕಿಯನ್ನು ನೆಚ್ಚಬಾರದು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅಳೆದು, ಜಿ.ಪಿ.ಎಸ್. ದಾಖಲಿಸಿದ ದೂರದೊಡನೆ ಹೋಲಿಸುವುದು ಕ್ಷೇಮ. ಅಮೆರಿಕವು ಜಿ.ಪಿ.ಎಸ್. ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುತ್ತಿದ್ದ ಪದ್ಧತಿಯನ್ನು 2000ದ ಮೇ ತಿಂಗಳಲ್ಲಿ ಕೈಬಿಟ್ಟ ಮೇಲೆ ಸಾಮಾನ್ಯ ಉಪಕರಣವೂ ಈ ಕೆಲಸಕ್ಕೆ ಸಾಕಾಗುತ್ತದೆ.

ಟೈರಿನ ಗಾಳಿ ತಯಾರಕರು ಹೇಳಿದಷ್ಟಿರಬೇಕು, ದಿನನಿತ್ಯದ ಹೊರೆಯೇ ಗಾಡಿಯ ಮೇಲಿರಬೇಕು. ಕಲ್ಲುಗಳ ಪ್ರಕಾರ 20 ಕಿ.ಮೀ. ಆದಾಗ ಮೀಟರು 19.3 ಬರೆದಿದ್ದರೆ 20ನ್ನು 19.3ರಿಂದ ಭಾಗಿಸಬೇಕು, ಬಂದ 1.036 ಎಂದರೆ ಶೇ. 3.6 ಹೆಚ್ಚಳ. ಮೀಟರು 20.8 ಬರೆದಿದ್ದರೆ ಭಾಗಲಬ್ಧ 0.962, ಅಂದರೆ ಶೇ. 3.8 ಇಳಿಕೆ. ಎರಡನೆಯದರಲ್ಲಿ ವ್ಯತ್ಯಾಸ ಶೇ. 4 ಎಂದು ಕಂಡರೂ ನಿಗದಿಪಡಿಸಬೇಕಾದುದು 3.8. ಭಾಗಿಸುವುದು ಯಾವಾಗಲೂ ಮೀಟರ್ ತೋರಿದ ಅಂಕಿಯಿಂದ. ದೂರದ ವ್ಯತ್ಯಾಸ ಶೇ. 1ರೊಳಗೆ ಇದ್ದು ಮುಳ್ಳು ಮಾತ್ರ ಮುಂದಿದ್ದರೆ ಸಾಧನದ ಗೋಜಿಗೆ ಹೋಗದಿರುವುದೇ ಲೇಸು.

ವೇಗವನ್ನು ಪರೀಕ್ಷಿಸಲು ಗಡಿಯಾರ ಸಾಕು. ಹಿಂದೆ ಕುಳಿತವನು ಸಮಯ ನೋಡಲಿ. ಸವಾರನ ಕಣ್ಣು ರಸ್ತೆಯ ಮೇಲಿರಲಿ. ಮುಳ್ಳನ್ನು 60ರಲ್ಲಿ ಸ್ಥಿರವಾಗಿ ಹಿಡಿದಾಗ 5 ಕಿ.ಮೀ.ಗೆ 300 ಸೆಕೆಂಡು ಹಿಡಿದರೆ ಮುಳ್ಳು ನಿಜ, 330 ಸೆಕೆಂಡು ಹಿಡಿದರೆ ನಿಜವೇಗ 54.5.

ಎಲ್ಲ ಗಾಡಿಗೂ ಇದಲ್ಲ

ಕೇಬಲಿನ ಮೀಟರಿರುವ ಗಾಡಿಗೆ ಈ ಸಾಧನ ನಿರುಪಯೋಗಿ. ಅಲ್ಲಿ ತಿದ್ದಲು ಮಿಡಿತವೇ ಇಲ್ಲ. ಹಳ್ಳಿಯ ರಸ್ತೆಗಳಲ್ಲಿ ಓಡುವ ಹಳೆಯ ಗಾಡಿಗಳ ಸಮಸ್ಯೆಯೂ ಬೇರೆಯೇ. ಮಳೆಗಾಲದ ಎರೆಮಣ್ಣು ಮೆತ್ತಿಕೊಂಡು, ಬೇಸಿಗೆಯ ಧೂಳು ಹೊಕ್ಕು ಪಿನಿಯನ್ ಸವೆಯುತ್ತದೆ, ಕೇಬಲ್ ತುಂಡಾಗುತ್ತದೆ. ಆಮೇಲೆ ತಿಂಗಳುಗಟ್ಟಲೆ ಮುಳ್ಳು ಸೊನ್ನೆಯಲ್ಲೇ ಮಲಗಿರುತ್ತದೆ. ಇಂಥ ಗಾಡಿಗೆ ಬೇಕಾದುದು ಹೊಸ ಕೇಬಲ್ ಮತ್ತು ಒಂದಿಷ್ಟು ಗ್ರೀಸ್, ಎಲೆಕ್ಟ್ರಾನಿಕ್ಸ್ ಅಲ್ಲ.

ಇನ್ನೊಂದು ತುದಿಯಲ್ಲಿ ಎ.ಬಿ.ಎಸ್. ಇರುವ ಗಾಡಿಗಳು. 2018ರ ಏಪ್ರಿಲ್‌ನಿಂದ ಹೊಸ ಮಾದರಿಗಳಿಗೂ 2019ರ ಏಪ್ರಿಲ್‌ನಿಂದ ಹಳೆಯ ಮಾದರಿಗಳಿಗೂ, 125 ಸಿ.ಸಿ. ಮೀರಿದ ದ್ವಿಚಕ್ರ ವಾಹನಗಳಲ್ಲಿ ಎ.ಬಿ.ಎಸ್. ಕಡ್ಡಾಯವಾಯಿತು. ಇವುಗಳಲ್ಲಿ ಹಲವು ವಾಹನಗಳ ಮೀಟರು ಚಕ್ರದ ಎ.ಬಿ.ಎಸ್. ಸಂವೇದಕದಿಂದಲೇ ವೇಗ ತಿಳಿಯುತ್ತದೆ. ಆ ಸಂವೇದಕದ ತಂತಿಗೆ ತಿದ್ದುಪಡಿ ಸಾಧನ ಜೋಡಿಸಿದರೆ ಬ್ರೇಕಿನ ಗಣಕಕ್ಕೆ ಒಂದು ಚಕ್ರದ ವೇಗ ತಪ್ಪಾಗಿ ತಲುಪುತ್ತದೆ. ಚಕ್ರ ಜಾರುತ್ತಿದೆಯೆಂದು ಅದು ತಪ್ಪು ತಿಳಿದು ಬ್ರೇಕ್ ಸಡಿಲಿಸುವ ಅಪಾಯವಿದೆ. ಯಾವ ಲೆಕ್ಕದ ನೆಪದಲ್ಲಿಯೂ ಇದಕ್ಕೆ ಕೈಹಾಕಬಾರದು. ಇಂಧನ ಇಂಜೆಕ್ಷನ್ ಇರುವ ಗಾಡಿಗಳಲ್ಲಿ ಎಂಜಿನಿನ ಗಣಕವೂ ಅದೇ ಮಿಡಿತವನ್ನು ಓದುತ್ತಿರಬಹುದು. ಸಾಧನವನ್ನು ಮೀಟರಿಗೆ ಹೋಗುವ ಕವಲಿನಲ್ಲಿ ಮಾತ್ರ ಸೇರಿಸಬೇಕು.

ಸಾಧನಕ್ಕೆ ಸರಿಹೊಂದುವುದು ಇವೆರಡರ ನಡುವಿನ ತಲೆಮಾರು: ಪ್ರತ್ಯೇಕ ವೇಗ ಸಂವೇದಕ ಮತ್ತು ಎಲೆಕ್ಟ್ರಾನಿಕ್ ಮೀಟರ್ ಇರುವ ಗಾಡಿಗಳು. ಅಲ್ಲಿಯೂ ಆ ಮಾದರಿಗೇ ಒದಗುವ ಕನೆಕ್ಟರ್ ಇರುವ ಸಾಧನವನ್ನೇ ಆರಿಸಬೇಕು. ತಂತಿ ಕತ್ತರಿಸಿ, ಟೇಪು ಸುತ್ತಿ ಜೋಡಿಸಿದ ಸಾಧನ ಒಂದು ಮಳೆಗಾಲ ದಾಟುವುದು ಕಷ್ಟ; ತಂತಿ ಕತ್ತರಿಸಿದ ಗಾಡಿಗೆ ವಾರಂಟಿ ಕೇಳುವುದೂ ಕಷ್ಟ. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಂದ ಭಿನ್ನವಾಗುವಂತಹ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ನಿಷೇಧಿಸುತ್ತದೆ ಎಂಬುದು ಟೈರ್, ಚೈನ್ ಸೆಟ್ ಬದಲಿಸುವ ಮುನ್ನವೇ ನೆನಪಿನಲ್ಲಿರಬೇಕು.

ಭತ್ಯೆಯ ಲೆಕ್ಕ

ವರ್ತಕರ ತಕ್ಕಡಿ, ತೂಕದ ಯಂತ್ರಗಳು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ನಿಯತವಾಗಿ ಪರಿಶೀಲನೆಗೊಂಡು ಮುದ್ರೆ ಪಡೆಯುತ್ತವೆ. ಆಟೋರಿಕ್ಷಾದ ಬಾಡಿಗೆ ಮೀಟರಿಗೂ ಮುದ್ರೆ ಬೇಕು. ಆದರೆ ಅದೇ ವರ್ತಕರು ಮುದ್ರೆಯಿಲ್ಲದ ಮೋಟಾರ್‌ಸೈಕಲ್ ಮೀಟರು ನೋಡಿ ತಿಂಗಳ ಭತ್ಯೆ ಎಣಿಸಿಕೊಡುತ್ತಾರೆ.

ಕಿಲೋಮೀಟರಿಗೆ 4 ರೂಪಾಯಿ ಭತ್ಯೆ, ತಿಂಗಳಿಗೆ ಮೀಟರಿನಲ್ಲಿ 1,500 ಕಿ.ಮೀ. ಎಂದು ಭಾವಿಸಿದರೆ, ಮೀಟರು ಶೇ. 4 ಹೆಚ್ಚು ಬರೆಯುವ ಗಾಡಿಯ ನಿಜವಾದ ಓಟ 1,442 ಕಿ.ಮೀ. ಮಾಲೀಕರು ತಿಂಗಳಿಗೆ ಸುಮಾರು 231 ರೂಪಾಯಿ ಅಧಿಕ ಕೊಟ್ಟಂತಾಗುತ್ತದೆ. ಇಂಥ ಹತ್ತು ಗಾಡಿಗಳಿದ್ದರೆ ವರ್ಷಕ್ಕೆ ಸುಮಾರು 27,700 ರೂಪಾಯಿ. ಇದರ ಮಗ್ಗುಲು ಬದಲಿಸಿದರೆ ನಷ್ಟ ನೌಕರನದು. ಮುಂದಿನ ಚಕ್ರಕ್ಕೆ 90/90-18 ಟೈರ್ ಹಾಕಿಸಿಕೊಂಡವನು 1,500 ಕಿ.ಮೀ. ಓಡಿದಾಗ ಮೀಟರು ಬರೆಯುವುದು ಸುಮಾರು 1,446. ಸ್ವಂತ ಪೆಟ್ರೋಲ್ ಸುಟ್ಟು 216 ರೂಪಾಯಿ ಕಳೆದುಕೊಂಡದ್ದು ಅವನಿಗೆ ಗೊತ್ತೇ ಆಗುವುದಿಲ್ಲ. ಮೇಲಾಗಿ ಲೀಟರಿಗೆ 60 ಕಿ.ಮೀ. ಕೊಡುತ್ತಿದ್ದ ಗಾಡಿ ಈಗ 57.9 ಕೊಡುತ್ತಿದೆಯೆಂದು ಕಂಡು, ಎಂಜಿನ್ ಕೆಟ್ಟಿತೆಂದು ಮಿಸ್ತ್ರಿಯ ಬಳಿ ಓಡುತ್ತಾನೆ. ಕೆಟ್ಟಿರುವುದು ಎಂಜಿನ್ ಅಲ್ಲ, ಎಣಿಕೆ.

ಸಾಧನ ಕೊಳ್ಳಲು ಎಲ್ಲರೂ ಮುಂದಾಗಬೇಕಿಲ್ಲ. ಕಡಿಮೆ ಬೆಲೆಯ ಗಾಡಿಗೆ ಆಮದು ಸಾಧನದ ಖರ್ಚು ಹೊರೆಯಾಗುತ್ತದೆ. ಮೂಲ ಅಳತೆಯ ಟೈರನ್ನೇ ಮರಳಿ ಹಾಕಿಸುವುದು ಅನೇಕ ವೇಳೆ ಅದಕ್ಕಿಂತ ಅಗ್ಗ. ಹಲವು ಗಾಡಿಗಳಿರುವ ಸಂಸ್ಥೆಗೆ ಇನ್ನೂ ಸರಳವಾದ ದಾರಿಯಿದೆ. ಪ್ರತಿ ಗಾಡಿಯನ್ನೂ ಒಮ್ಮೆ 20 ಕಿ.ಮೀ. ಅಳೆದು, ಬಂದ ಭಾಗಲಬ್ಧವನ್ನು ವಾಹನದ ವಹಿಯಲ್ಲಿ ಬರೆದಿಟ್ಟು, ತಿಂಗಳ ಕಿಲೋಮೀಟರನ್ನು ಅದರಿಂದ ಗುಣಿಸಿ ಭತ್ಯೆ ಕೊಡುವುದು. 19.3 ಬರೆದ ಗಾಡಿಗೆ ಗುಣಕ 1.036, 20.8 ಬರೆದ ಗಾಡಿಗೆ 0.962. ಅಳತೆಯ ದಿನ ನೌಕರನೂ ಜೊತೆಗಿದ್ದು ವಹಿಗೆ ಸಹಿ ಹಾಕಿದರೆ ಮುಂದೆ ತಕರಾರಿಗೆ ಎಡೆಯಿರುವುದಿಲ್ಲ. ವಹಿಯಲ್ಲಿ ಟೈರಿನ ಅಳತೆ, ಸ್ಪ್ರಾಕೆಟಿನ ಹಲ್ಲುಗಳ ಸಂಖ್ಯೆ, ಅಳತೆ ಮಾಡಿದ ದಿನಾಂಕ ಇವಿಷ್ಟಕ್ಕೂ ಕಲಂ ಇರಲಿ. ಟೈರ್ ಬದಲಾದ ದಿನ ಹಳೆಯ ಗುಣಕವನ್ನು ಹೊಡೆದುಹಾಕಿ ಹೊಸದಾಗಿ ಅಳೆಯಬೇಕಾಗುತ್ತದೆ.